ಹಾಪ್ಸ್ ನೆಡುವುದಾದರೆ ಡ್ರಮ್ಮಿನಲ್ಲಿ ನೆಡಿ, ಹಳ್ಳದ ದಂಡೆಯಲ್ಲಿ ಬೇಡ

ಎರಡು ವರ್ಷದ ಹಿಂದೆ ಡಿಸೆಂಬರಿನ ಒಂದು ಭಾನುವಾರ ನನ್ನ ಅಣ್ಣನ ಮಗ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಏನನ್ನೋ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಬಿಚ್ಚಿ ನೋಡಿದರೆ ಒಣಗಿದ ಶುಂಠಿಗೂ ಸೌದೆ ಚಕ್ಕೆಗೂ ಹುಟ್ಟಿದ ಮಕ್ಕಳಂತಿದ್ದ ನಾಲ್ಕು ತುಂಡುಗಳು. ಒಂದರ ಮೇಲೆ ಬಿಳಿಯ ಮೊಳಕೆ, ಅಕ್ಕಿಕಾಳಿನಷ್ಟು.

“ಅತ್ತೆ, ಇದು ಹಾಪ್ಸ್. ಲಾಹೌಲ್‌ಗೆ ಹೋಗಿದ್ದ ಗೆಳೆಯ ತಂದುಕೊಟ್ಟ. ಮುಳಶಿಯಲ್ಲಿ ಅವನ ಜಮೀನಿನ ಹಿಂದೆ ಹಳ್ಳವಿದೆಯಲ್ಲ, ಅದರ ದಂಡೆಯಲ್ಲಿ ನೆಡೋಣ ಎಂದಿದ್ದೇವೆ. ನೀರು ಹಾಕುವ ರಗಳೆಯಿಲ್ಲ. ಕಾಡಿನಲ್ಲಿ ತಾನೇ ಹಬ್ಬುತ್ತದೆ.”

ಲಾಹೌಲ್ ಎಂದರೆ ಹಿಮಾಚಲದ ಎತ್ತರದ ಕಣಿವೆ, ಮುಳಶಿ ಎಂದರೆ ಪುಣೆಯ ಪಕ್ಕದ ತಾಲ್ಲೂಕು. ಅಣ್ಣನ ಮಗ ಪುಣೆಯ ಮುಂಢವಾ ಬಡಾವಣೆಯ ಒಂದು ಬಿಯರ್ ತಯಾರಿಕೆಯ ಘಟಕದಲ್ಲಿ ಕೆಲಸ ಮಾಡುತ್ತಾನೆ. ಬಿಯರಿನ ಕಹಿಯೂ ಪರಿಮಳವೂ ಬರುವುದು ಈ ಬಳ್ಳಿಯ ಹೂವಿನಿಂದ. ಅವನ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ “ತಾನೇ ಹಬ್ಬುತ್ತದೆ” ಎಂಬ ಮಾತು ಕೇಳಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ನಾನು ಧಾರವಾಡದವಳು, ಪುಣೆಗೆ ಮದುವೆಯಾಗಿ ಬಂದು ಮೂವತ್ತಮೂರು ವರ್ಷವಾಯಿತು. ಕಾಲೇಜೊಂದರ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದೆ. ಈಗ ವಾರಕ್ಕೊಮ್ಮೆ ನಾಲ್ಕಾರು ಜನರ ಜೊತೆ ಊರೊಳಗಿನ ಗುಡ್ಡವಾದ ವೇತಾಳ ಟೇಕಡಿ ಹತ್ತಿ ಕಳೆ ಕೀಳುತ್ತೇನೆ. ತಾನೇ ಹಬ್ಬುವುದನ್ನು ಯಾರೋ ಒಬ್ಬರು ಬಗ್ಗಿ ಕೀಳಬೇಕಾಗುತ್ತದೆ, ಆ ಒಬ್ಬರ ಸೊಂಟ ಸಾಮಾನ್ಯವಾಗಿ ನನ್ನದೇ ಆಗಿರುತ್ತದೆ.

ಹಾಪ್ಸ್ ಅನ್ನು ಕಾಡಿನಂಚಿನಲ್ಲೋ ತೋಟದ ಹಿಂದಿನ ಪಾಳು ಜಾಗದಲ್ಲೋ ನೆಡಬೇಕೆಂದು ಇತ್ತೀಚೆಗೆ ಹಲವರು ಕೇಳುತ್ತಿರುವುದರಿಂದ, ಅಂದು ಹುಡುಗನಿಗೆ ಹೇಳಿದ್ದನ್ನೂ ಆಮೇಲೆ ನಾನೇ ಕಲಿತದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಬಳ್ಳಿಯ ಗುಣ ತಿಳಿಯಬೇಕು. ಹಾಪ್ಸ್ ಗಾಂಜಾದ ಕುಟುಂಬದ್ದು. (ಇದನ್ನು ನಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿಗೆ ಹೇಳಬೇಡಿ. ಎಲೆ ದ್ರಾಕ್ಷಿಯ ಎಲೆಯಂತೆ ಕಾಣುವುದರಿಂದ ಅವರಿಗೆ ಗೊತ್ತಾಗುವುದೂ ಇಲ್ಲ.) ನೆಲದ ಮೇಲಿನ ಬಳ್ಳಿ ಪ್ರತಿ ಚಳಿಗಾಲದಲ್ಲಿ ಒಣಗಿ ಸಾಯುತ್ತದೆ, ನೆಲದೊಳಗಿನ ಬೇರುಗಡ್ಡೆ ಮಾತ್ರ ವರ್ಷಗಟ್ಟಲೆ ಬದುಕಿರುತ್ತದೆ. ಒಗ್ಗಿದ ಊರಿನಲ್ಲಿ ಒಂದೇ ಋತುವಿನಲ್ಲಿ 6ರಿಂದ 8 ಮೀಟರ್ ಏರುತ್ತದೆ. ಯುರೋಪಿನಲ್ಲಿ ಅದರ ತವರು ಎಂದರೆ ಹೊಳೆದಂಡೆಯ ತೇವದ ಪೊದೆಗಳು. ಅಂದರೆ ನಮ್ಮ ಹುಡುಗ ಆರಿಸಿದ್ದ ಹಳ್ಳದ ದಂಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅವನು ಅದನ್ನು ಅನುಕೂಲವೆಂದು ಕಂಡ, ನಾನು ಅಪಾಯವೆಂದು ಕಂಡೆ. ಹಳ್ಳ ಉಕ್ಕಿ ದಂಡೆ ಕುಸಿದರೆ ಗಡ್ಡೆಯ ತುಂಡು ನೀರಿನಲ್ಲಿ ಹೋಗಿ ಮುಂದಿನ ತಿರುವಿನಲ್ಲಿ ನಿಲ್ಲುತ್ತದೆ. ಬೆರಳುದ್ದದ ತುಂಡಿನಲ್ಲಿ ಎರಡು ಕಣ್ಣಿದ್ದರೆ ಸಾಕು, ಅರಿಶಿನದಂತೆ ಮೊಳೆಯುತ್ತದೆ.

ಹಾಗೆಂದು ಪುಣೆಯ ಕಾಡನ್ನು ಹಾಪ್ಸ್ ನುಂಗಿಬಿಡುತ್ತದೆ ಎಂದು ಹೆದರಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಹಾಪ್ಸ್ ಹಗಲಿನ ಉದ್ದವನ್ನು ಎಣಿಸುವ ಗಿಡ. ಅದನ್ನು ವ್ಯಾಪಾರಕ್ಕೆ ಬೆಳೆಯುವುದು ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ, ಬೇಸಿಗೆಯ ಹಗಲು 15–16 ಗಂಟೆ ಇರುವಲ್ಲಿ. ಲಾಹೌಲ್ ಅದಕ್ಕಿಂತ ತುಸು ದಕ್ಷಿಣಕ್ಕಿದ್ದರೂ ಎತ್ತರ, ಚಳಿ, ಒಣಹವೆ ಸೇರಿ ಅಲ್ಲಿ ಬೆಳೆ ಕೈಹಿಡಿದಿದೆ. ಪುಣೆಯ ಅತಿ ಉದ್ದದ ಹಗಲು ಜೂನ್ ತಿಂಗಳಲ್ಲಿ ಸುಮಾರು 13 ಗಂಟೆ 13 ನಿಮಿಷ. ಇಷ್ಟು ಚಿಕ್ಕ ಹಗಲನ್ನು ಕಂಡ ಬಳ್ಳಿ “ಬೇಸಿಗೆ ಮುಗಿಯಿತು” ಎಂದು ತಪ್ಪು ತಿಳಿದು, ಸೊಂಟದೆತ್ತರ ಬರುವಷ್ಟರಲ್ಲಿ ನಾಲ್ಕು ಹೂ ಬಿಟ್ಟು ಮಲಗಿಬಿಡುತ್ತದೆ. ಮೇಲೆ ನಮ್ಮ ಮಳೆಗಾಲ. ಮುಳಶಿಯ ಕಡೆ ಜುಲೈನಲ್ಲಿ ಎಲೆ ಒಣಗಲು ಬಿಡುವೇ ಇಲ್ಲ, ದ್ರಾಕ್ಷಿ ಬೆಳೆಗಾರರ ನಿದ್ದೆ ಕೆಡಿಸುವ ಬೂಜು ತುಪ್ಪಟ ರೋಗದಂಥದ್ದೇ ಒಂದು ಹಾಪ್ಸ್‌ಗೂ ಬರುತ್ತದೆ.

ಹಾಗಾದರೆ ನೆಟ್ಟರೇನು, ಸತ್ತರೆ ಸಾಯಲಿ ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಟೇಕಡಿಯ ಮೇಲಿತ್ತು, ಮರುದಿನ ಬೆಳಿಗ್ಗೆ ಕರೆದುಕೊಂಡು ಹೋದೆ.

ವೇತಾಳ ಟೇಕಡಿಯ ಇಳಿಜಾರಿನಲ್ಲಿ ಸಾಲುಸಾಲಾಗಿ ನಿಂತಿರುವುದು ಗ್ಲಿರಿಸಿಡಿಯಾ, ನಮ್ಮ ಕಡೆ ಗೊಬ್ಬರದ ಗಿಡ ಎನ್ನುವುದು. ಬೋಳುಗುಡ್ಡ ಬೇಗ ಹಸಿರಾಗಲಿ ಎಂದು ನೆಟ್ಟರು. ಹಸಿರಾಯಿತು, ಆದರೆ ಅದರ ಕೆಳಗೆ ನಮ್ಮ ಹುಲ್ಲೂ ಇಲ್ಲ, ಹುಲ್ಲನ್ನು ನಂಬಿದ ಹಕ್ಕಿಯೂ ಇಲ್ಲ. ದಾರಿಯಂಚಿನಲ್ಲಿ ಲಂಟಾನ. ಅದು 19ನೇ ಶತಮಾನದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಚೆಂದದ ಹೂವೆಂದು ಬಂದದ್ದು. ಇನ್ನು ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಅದು ದೇಶದಲ್ಲಿ ಕಳೆಯಾಗಿ ಜನರ ಕಣ್ಣಿಗೆ ಬಿದ್ದದ್ದೇ ಈ ಪುಣೆಯಲ್ಲಿ, 1950ರ ದಶಕದ ನಡುವಿನಲ್ಲಿ. ಮೂವತ್ತು ವರ್ಷದ ಒಳಗೆ ಅದು ಎಲ್ಲಿಗೆ ಮುಟ್ಟಿತ್ತೆಂದರೆ, 1984ರಲ್ಲಿ ಬೆಂಗಳೂರಿನಲ್ಲಿ ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ತಂದು ಬಿಡಬೇಕಾಯಿತು. ಜೀರುಂಡೆ ಇಂದಿಗೂ ತಿನ್ನುತ್ತಿದೆ, ಗಿಡ ಇಂದಿಗೂ ಬೆಳೆಯುತ್ತಿದೆ. ಈ ಮೂರರಲ್ಲಿ ಯಾವುದೂ ಬಂದ ದಿನ “ನಾನು ಕಳೆ” ಎಂದು ಚೀಟಿ ಅಂಟಿಸಿಕೊಂಡು ಬಂದಿರಲಿಲ್ಲ.

ಹಾಪ್ಸ್‌ನ ಮನೆಯಲ್ಲೇ ಒಂದು ಉದಾಹರಣೆಯಿದೆ. ಅದರ ದಾಯಾದಿ ಜಪಾನಿ ಹಾಪ್ಸ್, ಪೂರ್ವ ಏಷ್ಯಾದ್ದು. ಅದು ಒಂದೇ ವರ್ಷ ಬದುಕುವ ಬಳ್ಳಿ, ಬಿಯರಿಗೆ ಉಪಯೋಗವಿಲ್ಲ. ಅಲಂಕಾರಕ್ಕೆಂದು ಅಮೆರಿಕಕ್ಕೂ ಯುರೋಪಿಗೂ ಹೋಗಿ, ಅಲ್ಲಿ ಹೊಳೆದಂಡೆಗಳನ್ನು ಹೊದಿಕೆ ಹೊದಿಸಿದಂತೆ ಮುಚ್ಚುತ್ತಿದೆ. ಬೀಜ ಪ್ರವಾಹದ ನೀರಿನಲ್ಲಿ ತೇಲಿ ಹೋಗುತ್ತದೆ. ಯುರೋಪಿನ ಒಕ್ಕೂಟ 2019ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಯಾರಾದರೂ ಹಾಪ್ಸ್ ಬೀಜವೆಂದು ಪೊಟ್ಟಣ ಮಾರಿದರೆ ಕೊಳ್ಳಬೇಡಿ. ಬಿಯರಿನ ಹಾಪ್ಸ್ ಅನ್ನು ಬೆಳೆಗಾರರು ಬೀಜದಿಂದ ಬೆಳೆಸುವುದಿಲ್ಲ, ಗಡ್ಡೆಯಿಂದ ಅಥವಾ ಕಡ್ಡಿಯಿಂದ ಬೆಳೆಸುತ್ತಾರೆ. ಎಲೆಯನ್ನೂ ನೋಡಿ. ಬಿಯರಿನ ಹಾಪ್ಸ್‌ನ ಎಲೆಗೆ ಸಾಮಾನ್ಯವಾಗಿ ಮೂರು ಹಾಲೆ, ಕೆಲವೊಮ್ಮೆ ಐದು. ಜಪಾನಿಯದಕ್ಕೆ ಐದರಿಂದ ಏಳು, ಕೈಬೆರಳು ಹರಡಿದ ಹಾಗೆ. ಕಾಂಡ ಮುಟ್ಟಿದರೆ ತೋಳಿನ ಚರ್ಮ ಗೀರಿಹೋಗುತ್ತದೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಹೊರದೇಶದಿಂದ ಗಡ್ಡೆಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿಯೂ ರೋಗವಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಹಾಪ್ಸ್ ಜೊತೆ ಅದರ ವೈರಸ್ ಬಂದರೆ ಬಳ್ಳಿಗಿಂತ ಅದೇ ದೊಡ್ಡ ತಲೆನೋವು. ಅರಣ್ಯ ಇಲಾಖೆಯ ನೆಲದಲ್ಲಿ ಅನುಮತಿಯಿಲ್ಲದೆ ಏನನ್ನೂ ನೆಡಬಾರದು, ಒಳ್ಳೆಯ ಉದ್ದೇಶವಿದ್ದರೂ. ವನ್ಯಜೀವಿ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ಆಕ್ರಮಣಕಾರಿ ಅನ್ಯಪ್ರಭೇದಗಳ ಮಾತು ಮೊದಲ ಬಾರಿಗೆ ಸೇರಿದೆ. ಮನೆಯಲ್ಲಿ ಬಿಯರ್ ಕುದಿಸುವುದಕ್ಕೆ ಮಹಾರಾಷ್ಟ್ರದ 1949ರ ಪಾನನಿಷೇಧ ಕಾಯಿದೆ ಅಡ್ಡಬರುತ್ತದೆ. ಆ ವಿಷಯ ನನ್ನ ಅಣ್ಣನ ಮಗನಿಗೆ ನನಗಿಂತ ಚೆನ್ನಾಗಿ ಗೊತ್ತು.

ಸ್ವಂತ ಜಮೀನಿನಲ್ಲೇ ನೆಡುತ್ತೇನೆ ಎನ್ನುವವರು ಗಡ್ಡೆ ಕೈಯಲ್ಲಿ ಹಿಡಿಯುವ ಮೊದಲು ಜಮೀನಿನ ಸುತ್ತ ಒಂದು ಸುತ್ತು ನಡೆದು ಬನ್ನಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ. ಮಳೆಗಾಲದಲ್ಲಿ ಹರಿಯುವ ಕೊರಕಲಿನಿಂದ ಗಡ್ಡೆಯ ಜಾಗ ದೂರವಿರಬೇಕು, ಎತ್ತರದಲ್ಲಿರಬೇಕು. ಬೇಲಿಯಾಚೆ ಯಾರ ನೆಲ, ಬಳ್ಳಿ ಅಲ್ಲಿಗೆ ಇಣುಕಿದರೆ ಕತ್ತರಿಸಲು ನಿಮ್ಮನ್ನು ಒಳಗೆ ಬಿಡುತ್ತಾರೆಯೇ ಕೇಳಿಕೊಳ್ಳಿ. ವಾರಕ್ಕೊಮ್ಮೆ ಅಲ್ಲಿಗೆ ಹೋಗುವವರು ಯಾರು? ಹುಡುಗನ ಗೆಳೆಯ ಮುಳಶಿಗೆ ಹೋಗುವುದು ಎರಡು ತಿಂಗಳಿಗೊಮ್ಮೆ, ಅದೂ ಮಳೆ ನೋಡಲು. ಕೊನೆಯದಾಗಿ, ನೀವು ಜಮೀನು ಮಾರಿದರೆ ಕೊಂಡವರಿಗೆ ಅಲ್ಲಿ ಏನಿದೆಯೆಂದು ಹೇಳುತ್ತೀರಾ? ಇವುಗಳಲ್ಲಿ ಒಂದಕ್ಕೆ ಉತ್ತರ ತಡವರಿಸಿದರೂ ನೆಲಕ್ಕೆ ಹಾಕಬೇಡಿ. ನಮ್ಮ ಹುಡುಗ ನಾಲ್ಕಕ್ಕೂ ತಡವರಿಸಿದ. ಹಾಗಾಗಿ ಗಡ್ಡೆಗಳು ನನ್ನ ಬಳಿಯೇ ಉಳಿದವು.

ಈಗ ನೆಡುವ ವಿಧಾನ.

200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ಯಿಸಿದರೆ ಎರಡು ಕುಂಡಗಳಾಗುತ್ತವೆ. ತಳದಲ್ಲಿ ಬೆರಳು ಹೋಗುವಷ್ಟು ಐದಾರು ತೂತು, ಅವುಗಳ ಮೇಲೆ ಸೊಳ್ಳೆ ಪರದೆಯ ಬಲೆ ಎರಡು ಮಡಿಕೆ. ಪುಣೆಯ ಎರೆಮಣ್ಣೊಂದನ್ನೇ ತುಂಬಿದರೆ ಮಳೆಗಾಲದಲ್ಲಿ ಗಡ್ಡೆ ಕೊಳೆಯುತ್ತದೆ. ಮಣ್ಣು, ಮರಳು, ಎರೆಗೊಬ್ಬರ ಸಮಸಮ ಬೆರೆಸಿ. ಗಡ್ಡೆಯನ್ನು ಡಿಸೆಂಬರಿನಲ್ಲಿ ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಐದು ವಾರ ಇಟ್ಟೆ. ಜನವರಿ ಕೊನೆಗೆ ಎರಡು ಅಂಗುಲ ಆಳದಲ್ಲಿ, ಕಣ್ಣು ಮೇಲಾಗಿ, ಅಡ್ಡಲಾಗಿ ಹೂತೆ. ಹದಿನೆಂಟನೆಯ ದಿನ ನೇರಳೆ ಬಣ್ಣದ ಮೊಳಕೆ ಬಂತು, ಶತಾವರಿಯ ಕುಡಿಯಂತೆ.

ಬಂದ ಕುಡಿಗಳನ್ನೆಲ್ಲ ಬೆಳೆಯಲು ಬಿಡಬೇಡಿ. ಮೂರು ಗಟ್ಟಿಯಾದವನ್ನು ಇಟ್ಟುಕೊಂಡು ಉಳಿದವನ್ನು ಚಿವುಟಿ, ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಾಕಿದರೆ ಪಲ್ಯಕ್ಕೆ ಸರಿಹೋಗುತ್ತದೆ. ತೆಂಗಿನ ನಾರಿನ ಹಗ್ಗವನ್ನು ನೀರಿನ ಟಾಕಿಯ ಕಂಬಕ್ಕೆ ಕಟ್ಟಿ ಇಳಿಬಿಟ್ಟೆ. ಇಲ್ಲೊಂದು ತಮಾಷೆ ನಡೆಯಿತು. ಅದೇ ತಾರಸಿಯಲ್ಲಿ ನನ್ನ ಅವರೆ ಬಳ್ಳಿಯಿದೆ. ಅವರೆಗೆ ಮಾಡುವ ಅಭ್ಯಾಸದಂತೆ ಹಾಪ್ಸ್ ಕುಡಿಯನ್ನೂ ಹಗ್ಗಕ್ಕೆ ಸುತ್ತಿಟ್ಟೆ. ಸಂಜೆ ನೋಡಿದರೆ ಬಿಚ್ಚಿಕೊಂಡು ಗಾಳಿಯಲ್ಲಿ ತಲೆಯಾಡಿಸುತ್ತಿತ್ತು. ಮತ್ತೆ ಸುತ್ತಿದೆ, ಮತ್ತೆ ಬಿಚ್ಚಿಕೊಂಡಿತು. ಮೂರನೆಯ ಸಲಕ್ಕೆ ಹೊಳೆಯಿತು. ಮೇಲಿನಿಂದ ನೋಡಿದರೆ ಅವರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ, ಹಾಪ್ಸ್ ಮುಳ್ಳಿನ ಜೊತೆಗೇ ಸುತ್ತುತ್ತದೆ. ಹಾಪ್ಸ್‌ಗೆ ಹಿಡಿದು ಹತ್ತಲು ಸುರುಳಿ ಎಳೆಯೂ ಇಲ್ಲ, ಕಾಂಡದ ಮೇಲಿನ ಕೊಕ್ಕೆಗೂದಲೇ ಹಿಡಿತ. ಭೂತಗನ್ನಡಿಯಲ್ಲಿ ನೋಡಿದರೆ ಆ ಕೂದಲು ಎರಡು ಕೊಂಬಿನ ಸುತ್ತಿಗೆಯಂತಿರುತ್ತದೆ. ಚಾರ್ಲ್ಸ್ ಡಾರ್ವಿನ್ ಕಾಯಿಲೆ ಬಿದ್ದು ಕೋಣೆ ಬಿಟ್ಟು ಹೊರಬರಲಾಗದಿದ್ದಾಗ ಹಾಪ್ಸ್ ಕುಂಡವನ್ನು ಪಕ್ಕದಲ್ಲಿಟ್ಟುಕೊಂಡು ಹಗಲೂ ರಾತ್ರಿ ಇದನ್ನೇ ನೋಡುತ್ತಿದ್ದರು. ಬಿಸಿಲಿನ ದಿನಗಳಲ್ಲಿ ಕುಡಿಯ ತುದಿ ಒಂದು ಸುತ್ತು ಹಾಕಲು ಸರಾಸರಿ 2 ಗಂಟೆ 8 ನಿಮಿಷ ಎಂದು ಲೆಕ್ಕ ಬರೆದರು. ನಾನು ನೋಡಿದಾಗ ಎರಡೂವರೆ ಗಂಟೆಯಾಯಿತು. ನಡುವೆ ಕುಕ್ಕರ್ ಕೂಗಿದ್ದರಿಂದ ನನ್ನ ಲೆಕ್ಕವನ್ನು ಬಹಳ ನಂಬಬೇಡಿ.

ಹಗಲು ಸಾಲದ ತೊಂದರೆಗೆ ದೀಪವೇ ಮದ್ದು. ಬ್ರೆಜಿಲಿನ ಬೆಳೆಗಾರರು ತೋಟಕ್ಕೇ ದೀಪ ಹಾಕುತ್ತಾರೆ. ನಾನು ಡ್ರಮ್ಮಿನ ಮೇಲೆ ಒಂದು ಎಲ್ಇಡಿ ಬಲ್ಬನ್ನು ಟೈಮರಿಗೆ ಕಟ್ಟಿ ಸಂಜೆ ಆರರಿಂದ ರಾತ್ರಿ ಹತ್ತೂವರೆಯವರೆಗೆ ಉರಿಸಿದೆ. ಬಳ್ಳಿ ಕಂಬದ ತುದಿ ಮುಟ್ಟಿದ ಮೇಲೆ ಆರಿಸಿದರೆ ಹೂವಿಗೆ ತಿರುಗುತ್ತದೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ನೆರಳು ಬೇಕು, ಎಲೆಯ ಅಡಿಗೆ ಕೆಂಪು ನುಸಿ ಬಾರದಂತೆ ಬೆಳಿಗ್ಗೆ ನೀರು ಚಿಮುಕಿಸಬೇಕು. ಮಳೆ ಹಿಡಿಯುವ ಮೊದಲು ಕೆಳಗಿನ ಮೂರಡಿಯ ಎಲೆಗಳನ್ನೆಲ್ಲ ತೆಗೆದುಬಿಡಿ, ಗಾಳಿಯಾಡಲಿ. ಇಷ್ಟೆಲ್ಲ ಮಾಡಿ ಮೊದಲ ವರ್ಷ ನನಗೆ ಸಿಕ್ಕಿದ ಹೂಗಳು ಒಂದು ಚಹಾ ಲೋಟದ ತುಂಬ. ಕಾಗದದಂತೆ ಸರಸರ ಎನ್ನುವಾಗ, ಸೀಳಿದರೆ ಒಳಗೆ ಅರಿಶಿನದ ಪುಡಿಯಂಥ ಅಂಟು ಕಂಡಾಗ ಕೊಯ್ಯಬೇಕು. ಕೊಯ್ದದ್ದನ್ನು ನಾಯಿಯ ಬಾಯಿಗೆ ಸಿಗದ ಹಾಗೆ ಇಡಿ. ಹಾಪ್ಸ್ ತಿಂದ ನಾಯಿಗಳಿಗೆ ಮೈ ಕಾವೇರಿ ಜೀವಕ್ಕೇ ಕುತ್ತು ಬರುತ್ತದೆ.

ಹೂವನ್ನು ನೋಡಿ ಇನ್ನೊಂದು ನಿರ್ಧಾರ ಮಾಡಬೇಕು. ಹಾಪ್ಸ್‌ನಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎಳೆಯ ಪೈನ್ ಕಾಯಿಯಂಥ ಹೂ ಬಿಡುವುದು ಹೆಣ್ಣು. ನಮಗೆ ಬೇಕಾದದ್ದು ಅದೊಂದೇ. ಸಣ್ಣ ಸಣ್ಣ ಐದೆಸಳಿನ ಹೂಗಳ ಸಡಿಲ ಗೊಂಚಲು ಕಂಡರೆ ಅದು ಗಂಡು, ಪರಾಗ ಗಾಳಿಗೆ ಹಾರುವ ಮೊದಲು ಗಡ್ಡೆ ಸಮೇತ ತೆಗೆಯಿರಿ. ಗಂಡಿಲ್ಲದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಹರಡುವ ಅರ್ಧ ದಾರಿ ಮುಚ್ಚಿದಂತೆ. ಜರ್ಮನಿಯ ಹಾಪ್ಸ್ ಸೀಮೆಯಾದ ಹಾಲರ್ಟಾವುವಿನಲ್ಲಿ ತೋಟದ ಸುತ್ತಲಿನ ಪೊದೆಗಳಿಂದಲೂ ಗಂಡು ಬಳ್ಳಿಗಳನ್ನು ಹುಡುಕಿ ಕೀಳುತ್ತಾರೆ. ನನ್ನ ನಾಲ್ಕು ಗಡ್ಡೆಗಳಲ್ಲಿ ಒಂದು ಕೊಳೆಯಿತು, ಎರಡು ಹೆಣ್ಣಾದವು.

ನಾಲ್ಕನೆಯದರ ಕಥೆ ನನ್ನ ಮಾನ ಕಳೆಯುವಂಥದ್ದು. ಡ್ರಮ್ ಸಾಲದೆ ಅದನ್ನು ಬಣ್ಣದ ಹಳೆಯ ಬಕೀಟಿನಲ್ಲಿ ನೆಟ್ಟು ಸೊಸೈಟಿಯ ಹಿತ್ತಲಲ್ಲಿ ಸೀದಾ ನೆಲದ ಮೇಲೆ ಇಟ್ಟಿದ್ದೆ. ಬಲೆ ಹಾಕಿರಲಿಲ್ಲ. ಸೆಪ್ಟೆಂಬರಿನಲ್ಲಿ ಬಕೀಟು ಎತ್ತಹೋದರೆ ಮೇಲೇಳಲಿಲ್ಲ. ಜಗ್ಗಿದಾಗ ಪಟ್ ಎಂದು ಏನೋ ಹರಿಯಿತು. ತೂತಿನಿಂದ ಇಳಿದ ಬೇರು ನೆಲ ಹಿಡಿದಿತ್ತು. ಹರಿದದ್ದು ಬರೀ ಬೇರು ಎಂದುಕೊಂಡು ಸುಮ್ಮನಾದೆ. ಫೆಬ್ರವರಿಯಲ್ಲಿ ಕರಿಬೇವಿನ ಬುಡದಲ್ಲಿ, ಬಕೀಟು ಇದ್ದ ಜಾಗದಿಂದ ಒಂದು ಮೊಳ ದೂರಕ್ಕೆ, ಅದೇ ನೇರಳೆ ಕುಡಿ ತಲೆಯೆತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳ ಹಿತ್ತಲಲ್ಲೇ!

ಕೀಳುವ ಕೆಲಸ ಹೇಗೆಂದು ಆಗ ಕಲಿತೆ. ಕುಡಿಯನ್ನು ಹಿಡಿದು ಎಳೆಯಬೇಡಿ, ತುಂಡು ಒಳಗೇ ಉಳಿಯುತ್ತದೆ. ಒಂದೂವರೆ ಅಡಿ ಅಗಲಕ್ಕೆ ಸುತ್ತ ಅಗೆದು, ಮಣ್ಣನ್ನು ಗೋಣಿಚೀಲದ ಮೇಲೆ ಹರವಿ ಅಕ್ಕಿ ಆರಿಸಿದಂತೆ ಆರಿಸಿ. ತೆಳ್ಳಗಿನ ಬೇರಿನಿಂದ ಭಯವಿಲ್ಲ, ಕಣ್ಣಿರುವ ಗಡ್ಡೆಯ ಚೂರುಗಳೇ ಕಳ್ಳರು. ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಿ ಹೊಸ ಕುಡಿ ಕಂಡರೆ ನೆಲಮಟ್ಟಕ್ಕೆ ಕತ್ತರಿಸಿ. ಎಲೆಯಿಲ್ಲದೆ ಗಡ್ಡೆಯ ಬಂಡವಾಳ ಕರಗುತ್ತ ಹೋಗುತ್ತದೆ. ನನಗೆ ಒಂಬತ್ತು ಸಲ ಕತ್ತರಿಸಬೇಕಾಯಿತು. ಇದು ಮನೆಯ ಹಿತ್ತಲಾದ್ದರಿಂದ ಚಪ್ಪಲಿ ಮೆಟ್ಟಿಕೊಂಡು ಇಳಿದರೆ ಮುಗಿಯಿತು. ಮುಳಶಿಯ ಹಳ್ಳದಲ್ಲಾಗಿದ್ದರೆ ಪ್ರತಿ ಹದಿನೈದು ದಿನಕ್ಕೊಮ್ಮೆ ಕಾರು ಹತ್ತಬೇಕಿತ್ತು. ಅದೂ ಒಂದು ಕುಡಿಯಿದ್ದಾಗಿನ ಮಾತು.

ಅಗೆದ ಗಡ್ಡೆಯನ್ನು ಸೊಸೈಟಿಯ ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲಿಂದ ಅದು ಎಲ್ಲರ ಕುಂಡಕ್ಕೂ ಹೋಗುತ್ತದೆ. ಏಪ್ರಿಲ್‌ನಲ್ಲಿ ತಾರಸಿಯ ಕಾದ ಸಿಮೆಂಟಿನ ಮೇಲೆ ಮೂರು ವಾರ ಒಣಗಿಸಿ, ಮುರಿದರೆ ಲಟ್ ಎನ್ನಬೇಕು. ಮಳೆಗಾಲವಾದರೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಳೆಯಿಸಿ, ಪೂರ್ತಿ ಕೊಳೆತಿದೆಯೆಂದು ನೋಡಿಯೇ ಬಿಸಾಡಿ.

ಹಳ್ಳದ ದಂಡೆ ಬೋಳಾಗಿದೆ, ಬಳ್ಳಿಯೊಂದು ಹಬ್ಬಲೇಬೇಕು ಎನ್ನುವವರಿಗೆ ಸಹ್ಯಾದ್ರಿಯಲ್ಲೇ ಬಳ್ಳಿಗಳಿಗೆ ಕೊರತೆಯಿಲ್ಲ. ಅಮೃತಬಳ್ಳಿಯ ಗೇಣುದ್ದದ ತುಂಡನ್ನು ಮೇ ಕೊನೆಗೆ ಊರಿದರೆ ಸಾಕು, ಮರಾಠಿಯವರ ಗುಳವೇಲ್ ಅದೇ. ಶತಾವರಿ, ಗುಲಗಂಜಿ ಇವೆ. ಕೆಂಪು-ಹಳದಿ ಹೂವಿನ ಅಗ್ನಿಶಿಖೆಯಿದೆ. ಅದರ ಗಡ್ಡೆ ವಿಷ, ಮಕ್ಕಳು ಓಡಾಡುವಲ್ಲಿ ಬೇಡ. ಗಡ್ಡೆ, ಬೀಜ ಯಾವುದನ್ನೂ ಟೇಕಡಿಯಿಂದ ಅಗೆದು ತರಬೇಡಿ, ನರ್ಸರಿಯಲ್ಲಿ ಕೇಳಿ. ಹುಡುಗನ ಗೆಳೆಯ ಹೋದ ಜೂನ್‌ನಲ್ಲಿ ಅಮೃತಬಳ್ಳಿಯ ಹನ್ನೆರಡು ತುಂಡು ಊರಿದ. ಏಳು ಹಿಡಿದಿವೆ, ಮೂರನ್ನು ಆಡು ತಿಂದಿತು, ಎರಡನ್ನು ತಲೆಕೆಳಗಾಗಿ ಊರಿದ್ದ.

ನನ್ನ ಎರಡು ಡ್ರಮ್ಮುಗಳು ಈಗ ತಾರಸಿಯಲ್ಲಿ ಒಂದೊಂದು ಇಟ್ಟಿಗೆಯ ಎತ್ತರದಲ್ಲಿ ನಿಂತಿವೆ, ತಳಕ್ಕೂ ನೆಲಕ್ಕೂ ನಡುವೆ ಕೈ ಹೋಗುವಷ್ಟು ಸಂದಿ. ಪ್ರತಿ ತಿಂಗಳ ಮೊದಲ ತಾರೀಖು, ಹಾಲಿನವನ ಲೆಕ್ಕ ಮುಗಿಸಿದ ಮೇಲೆ, ನನ್ನ ಹಳೆಯ ಕೈಗನ್ನಡಿಯನ್ನು ಆ ಸಂದಿಯಲ್ಲಿ ತೂರಿಸಿ ತೂತುಗಳನ್ನು ನೋಡುತ್ತೇನೆ. ಬಿಳಿಯ ಬೇರು ಇಣುಕಿದ್ದರೆ ಉಗುರು ಕತ್ತರಿಯಿಂದ ಕತ್ತರಿಸುತ್ತೇನೆ. ಈ ತಿಂಗಳು ಎರಡು ಇದ್ದವು.